ಸಂಜೆ ಆರು ಗಂಟೆಗೆ ಎಲ್ಲಿಗೆ ಹೋಗೋದು?

ನಮ್ಮ ದೊಡ್ಡಪ್ಪನ ಮಗ ಮೂರು ತಿಂಗಳು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಊರಿಗೆ ವಾಪಸ್ ಬಂದಿದ್ದ. ನಮ್ಮದು ಪಾಂಡವಪುರದ ಕಡೆ ಒಂದು ಹಳ್ಳಿ. ಅವನನ್ನು ನೋಡಿಕೊಂಡು ಬರೋಣ ಅಂತ ನಾನು ಮೈಸೂರಿನಿಂದ ಹೋಗಿದ್ದೆ. ಮುಖ ತುಂಬಿಕೊಂಡಿತ್ತು. ಕೈ ನಡುಕ ನಿಂತಿತ್ತು. ಅತ್ತಿಗೆ ಎಷ್ಟೋ ವರ್ಷದ ಮೇಲೆ ನಗುನಗುತ್ತಾ ಕಾಫಿ ತಂದುಕೊಟ್ಟರು. ಐದೂವರೆ ಆಗುತ್ತಿದ್ದ ಹಾಗೆ ಅವನಿಗೆ ಜಗಲಿ ಮೇಲೆ ಕೂರಲು ಆಗಲಿಲ್ಲ. ಚಪ್ಪಲಿ ಹಾಕಿಕೊಂಡ, ಬಿಟ್ಟ. ಬೀದಿ ತುದಿವರೆಗೆ ಹೋಗಿ ತಿರುಗಿ ಬಂದ.

"ಏನಣ್ಣ, ಕುಡೀಬೇಕು ಅನ್ನಿಸ್ತಿದೆಯಾ?" ಅಂತ ಕೇಳಿದೆ.

"ಇಲ್ಲ ಕಣ್ಲಾ. ಅದೇನಿಲ್ಲ. ಸಂಜೆ ಆರು ಗಂಟೆಗೆ ಎಲ್ಲಿಗೋಗದು, ನೀನೇ ಹೇಳು."

ಹದಿನೆಂಟನೇ ದಿನಕ್ಕೆ ಮತ್ತೆ ಶುರುವಾಯಿತು. ಅವನಿಗೆ ಮನಸ್ಸು ಗಟ್ಟಿ ಇಲ್ಲ ಅಂತ ಮನೆಯವರೆಲ್ಲ ಅಂದರು. ನಾನೂ ಅಂದೆ. ಅವನು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಒಬ್ಬರೂ ಉತ್ತರ ಕೊಟ್ಟಿರಲಿಲ್ಲ ಅನ್ನೋದು ಹೊಳೆದದ್ದು ಬಹಳ ದಿನದ ಮೇಲೆ.

ಒಂಟಿತನವೇ ವ್ಯಸನದ ಬೇರು, ನಾಲ್ಕು ಜನ ಜೊತೆಗಿದ್ದರೆ ಚಟ ತಾನಾಗಿ ಬಿಡುತ್ತದೆ ಅನ್ನುವ ಮಾತು ಈಚೆಗೆ ಎಲ್ಲ ಕಡೆ ಓಡಾಡುತ್ತಿದೆ. ಇದು ಅರ್ಧ ನಿಜ. ಉಳಿದ ಅರ್ಧ ನೋಡಬೇಕಾದರೆ ಸಂಜೆ ಏಳಕ್ಕೆ ಮಂಡ್ಯ ಜಿಲ್ಲೆಯ ಯಾವುದಾದರೂ ಬಾರ್ ಮುಂದೆ ನಿಲ್ಲಿ. ಒಳಗೆ ನಗು, ಜಗಳ, ಕಬ್ಬಿನ ಬಿಲ್ಲಿನ ಮಾತು, ರಾಜಕೀಯ, ಪರಸ್ಪರ ತಟ್ಟೆಗೆ ಕೈಹಾಕಿ ತಿನ್ನುವ ಸಲಿಗೆ. ಒಂಟಿಯಾಗಿ ಯಾರು ಕೂತಿದ್ದಾರೆ ಅಲ್ಲಿ? ಅದೇ ಹೊತ್ತಿಗೆ ಕುಡಿತ ಬಿಟ್ಟವನು ಮನೆಯಲ್ಲಿ ಟಿವಿ ಮುಂದೆ ಕೂತು ಗಡಿಯಾರ ನೋಡುತ್ತಿರುತ್ತಾನೆ. ನಮ್ಮ ಕಡೆ ಕುಡಿಯುವವನಿಗಿಂತ ಬಿಟ್ಟವನೇ ಒಂಟಿ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಚಿಕಿತ್ಸೆ ಅರ್ಧ ದಾರಿಯಲ್ಲಿ ಕೈಬಿಟ್ಟ ಹಾಗೆ ಅಂತ ನನ್ನ ಅನಿಸಿಕೆ.

ಸಮಸ್ಯೆ ಎಷ್ಟು ದೊಡ್ಡದು ಅನ್ನೋದಕ್ಕೆ ಒಂದೆರಡು ಅಂಕಿ ಸಾಕು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ. ಅದರಲ್ಲಿ ಸುಮಾರು 5.7 ಕೋಟಿ ಜನರಿಗೆ ಸಹಾಯ ಬೇಕು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಸೇರಿದವರು 180ಕ್ಕೆ ಒಬ್ಬರು. ನಮ್ಮಣ್ಣ ಆ ಒಬ್ಬ. ಅದೃಷ್ಟವಂತ ಅನ್ನಬೇಕೋ ಏನೋ.

'ಬೇಜಾರು' ಅನ್ನುವ ಪದ

'ನನಗೆ ಒಂಟಿತನ ಕಾಡುತ್ತಿದೆ' ಅಂತ ನಮ್ಮೂರಿನ ಗಂಡಸು ಜನ್ಮದಲ್ಲಿ ಹೇಳುವುದಿಲ್ಲ. ಅದು ಪುಸ್ತಕದ ಮಾತು. ಅವನು ಹೇಳೋದು 'ಯಾಕೋ ಬೇಜಾರು' ಅಂತ. ಈ ಒಂದು ಪದದೊಳಗೆ ನಾವು ಏನೇನೆಲ್ಲ ತುಂಬಿದ್ದೇವೆ ನೋಡಿ. ಕೆಲಸವಿಲ್ಲದಿದ್ದರೆ ಬೇಜಾರು. ಹೆಂಡತಿ ತವರಿಗೆ ಹೋದರೆ ಬೇಜಾರು. ಸಾಲಗಾರ ಮನೆ ಮುಂದೆ ಬಂದು ಕೂಗಾಡಿದರೆ ಬೇಜಾರು. ಅಪ್ಪ ಸತ್ತರೂ ಬೇಜಾರು. ದುಃಖ, ಅವಮಾನ, ಖಾಲಿತನ ಎಲ್ಲಕ್ಕೂ ಅದೊಂದೇ ಹೆಸರು, ಅದಕ್ಕೆ ಸಿಗುವ ಮದ್ದೂ ಒಂದೇ: 'ಬಾರ್ಲಾ, ಒಂದು ನೈಂಟಿ ಹಾಕಿದರೆ ಸರಿಹೋಗುತ್ತೆ'. ಡಾಕ್ಟರು 'ಒಂಟಿತನ ಅನಿಸುತ್ತಾ?' ಅಂತ ಕೇಳಿದರೆ ಇವನು ಇಲ್ಲ ಅಂತ ತಲೆಯಾಡಿಸುತ್ತಾನೆ. 'ಸಂಜೆ ಹೊತ್ತು ಬೇಜಾರಾಗುತ್ತಾ?' ಅಂದರೆ ಕಣ್ಣಲ್ಲಿ ನೀರು ಬರಬಹುದು.

ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಒಂದು ವರದಿ ಕೊಟ್ಟಿತು. ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ ಇದೆ ಅನ್ನುತ್ತದೆ ಅದು. ಮಂಡ್ಯಕ್ಕೂ ಈ ಲೆಕ್ಕಕ್ಕೂ ಏನು ಸಂಬಂಧ, ಇಲ್ಲಿ ಬೀದಿಗೆ ಹತ್ತು ಜನ ನೆಂಟರಿರುತ್ತಾರಲ್ಲ ಅಂತ ಅನಿಸಬಹುದು. 2023ರ ಫೆಬ್ರುವರಿ ನೆನಪಿಸಿಕೊಳ್ಳಿ. ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡಸರು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಪಾದಯಾತ್ರೆ ಹೋದರು. ಬ್ರಹ್ಮಚಾರಿಗಳ ಪಾದಯಾತ್ರೆ ಅಂತಲೇ ಹೆಸರಾಯಿತು. ಟಿವಿಯವರು ತಮಾಷೆ ಮಾಡಿದರು, ನಾವೂ ಫಾರ್ವರ್ಡ್ ಮಾಡಿ ನಕ್ಕೆವು. ಅದೇ ವರ್ಷ ನವೆಂಬರ್‌ನಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ! ಎರಡು ಸುದ್ದಿಯನ್ನೂ ಪಕ್ಕಪಕ್ಕ ಇಟ್ಟು ಓದಿದವರು ಕಡಿಮೆ. ಇದರ ಜೊತೆಗೆ ಊರಲ್ಲಿರುವ ರೈತನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರುವುದಿಲ್ಲ. ಎರಡೆಕರೆ ನೀರಾವರಿ ಜಮೀನಿದ್ದೂ ಮೂವತ್ತೆಂಟು ದಾಟಿದವನ ಮನೆಯಲ್ಲಿ ಸಂಜೆ ಹೊತ್ತು ಇರೋದು ವಯಸ್ಸಾದ ತಾಯಿ, ಒಂದು ಟಿವಿ. ಅವನು ಬಾರಿಗೆ ಹೋಗುವುದು ಎಣ್ಣೆಗಾಗಿಯೇ ಅಂತ ಹೇಗೆ ಹೇಳೋದು?

ಇಲಿ, ಸೈನಿಕ, ಮತ್ತೆ ಇಲಿ

ಈ ವಿಷಯ ಬಂದಾಗಲೆಲ್ಲ ಕೆನಡಾದ ಇಲಿಗಳ ಕತೆ ಹೇಳುತ್ತಾರೆ. 1970ರ ದಶಕದ ಕೊನೆಯಲ್ಲಿ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ರೂಸ್ ಅಲೆಕ್ಸಾಂಡರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಆವರೆಗೆ ಇಲಿಗಳನ್ನು ಒಂದೊಂದಾಗಿ ಸಣ್ಣ ಪಂಜರದಲ್ಲಿಟ್ಟು ಮಾದಕವಸ್ತು ಕೊಟ್ಟು ನೋಡುತ್ತಿದ್ದರು. ಪಂಜರದ ಇಲಿ ಬೇರೆ ಏನು ತಾನೇ ಮಾಡೀತು ಅಂತ ಇವರಿಗೆ ಅನುಮಾನ. ಅದಕ್ಕೇ ವಿಶಾಲವಾದ ಜಾಗ, ಆಟದ ಸಾಮಾನು, ಜೊತೆಗೆ ಹೆಣ್ಣು ಗಂಡು ಇಲಿಗಳು, ಹೀಗೆ ಒಂದು 'ಇಲಿ ಪಾರ್ಕ್' ಕಟ್ಟಿದರು. ಮಾರ್ಫಿನ್ ಅನ್ನುವ ಅಫೀಮು ಜಾತಿಯ ಮದ್ದು ಬೆರೆಸಿದ ಸಿಹಿನೀರನ್ನು ಒಂಟಿ ಪಂಜರದ ಇಲಿಗಳು ಪಾರ್ಕಿನ ಇಲಿಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಕುಡಿದವು. ಕತೆ ಚೆನ್ನಾಗಿದೆ. ಆದರೆ ಆಮೇಲೆ ಬೇರೆಯವರು ಇದನ್ನೇ ಮಾಡಿದಾಗ ಪ್ರತಿ ಸಲವೂ ಇದೇ ಫಲಿತಾಂಶ ಬರಲಿಲ್ಲ. ಭಾಷಣ ಮಾಡುವವರು ಅದನ್ನು ಹೇಳುವುದನ್ನು ಮರೆತುಬಿಡುತ್ತಾರೆ.

ಎರಡನೆಯ ಕತೆ ಮನುಷ್ಯರದು. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ 1971ರ ಹೊತ್ತಿಗೆ ಸುಮಾರು ಐದರಲ್ಲಿ ಒಬ್ಬ ಹೆರಾಯಿನ್‌ನಂಥ ಅಫೀಮು ಜಾತಿಯ ಅಮಲಿಗೆ ದಾಸನಾಗಿದ್ದ. ಇವರೆಲ್ಲ ಊರಿಗೆ ಬಂದರೆ ಗತಿಯೇನು ಅಂತ ಸರ್ಕಾರ ಹೆದರಿತ್ತು. ಲೀ ರಾಬಿನ್ಸ್ ಅನ್ನುವ ಸಂಶೋಧಕಿ ಅವರ ಬೆನ್ನು ಹತ್ತಿ ನೋಡಿದರು. ಅಲ್ಲಿ ದಾಸರಾಗಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ದಾಸರಾದವರು ನೂರಕ್ಕೆ ಸುಮಾರು 5 ಜನ. ಮೂರು ವರ್ಷದಲ್ಲಿ 12.

ಇದನ್ನು ಓದಿದಾಗ ನನಗೆ ನಮ್ಮಣ್ಣ ನೆನಪಾದ. ಸೈನಿಕರು ಅಮಲು ಹತ್ತಿಸಿಕೊಂಡ ಜಾಗವನ್ನು ಅಲ್ಲೇ ಬಿಟ್ಟು, ಅಮಲಿಲ್ಲದ ಮನೆಗೆ ಬಂದರು. ತಾಯಿ, ಗೆಳತಿ, ಕೆಲಸ, ಹಳೇ ಬೀದಿ ಎಲ್ಲ ಕಾದಿದ್ದವು. ನಮ್ಮವನದು ಉಲ್ಟಾ. ಎಣ್ಣೆಯೇ ಸಿಗದ ಜಾಗದಲ್ಲಿ ಮೂರು ತಿಂಗಳು ಕೂತು ಬಿಟ್ಟ, ಆಮೇಲೆ ಎಣ್ಣೆ ಇರುವ ಬೀದಿಗೇ ಬಂದ. ಕೇಂದ್ರದೊಳಗೆ ಬಿಡೋದು ಯಾರಿಗಾದರೂ ಆಗುತ್ತದೆ. ಬಸ್ ಸ್ಟಾಂಡಿನಲ್ಲಿ ಇಳಿದು ಮನೆವರೆಗೆ ನಡೆಯುವ ಆ ಅರ್ಧ ಕಿಲೋಮೀಟರಿನಲ್ಲೇ ಇರೋದು ಪರೀಕ್ಷೆ.

ಮೂರನೆಯದು ಈಚಿನದು, ನನ್ನ ಪ್ರಕಾರ ಮೂರರಲ್ಲೂ ಗಟ್ಟಿಯಾದದ್ದು. 2018ರಲ್ಲಿ ಮಾರ್ಕೊ ವೆನಿರೊ, ಯಾವಿನ್ ಶಹಾಮ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಇಲಿಗಳ ಮುಂದೆ ಎರಡು ಸನ್ನೆಕೋಲು ಇಟ್ಟರು. ಒಂದನ್ನು ಒತ್ತಿದರೆ ಮಾದಕವಸ್ತು. ಇನ್ನೊಂದನ್ನು ಒತ್ತಿದರೆ ಬಾಗಿಲು ತೆರೆದು ಪಕ್ಕದ ಇಲಿಯ ಜೊತೆ. ಚಟ ಚೆನ್ನಾಗಿ ಹತ್ತಿದ್ದ ಇಲಿಗಳೂ ಹೆಚ್ಚುಕಡಿಮೆ ಎಲ್ಲ ಸಲವೂ ಜೊತೆಯನ್ನೇ ಆರಿಸಿಕೊಂಡವು. ಆದರೆ ಬಾಗಿಲು ತೆರೆಯುವುದು ತಡವಾಗುವಂತೆ ಮಾಡಿದಾಗ, ಅಥವಾ ಜೊತೆ ಬೇಕೆಂದರೆ ಶಾಕ್ ತಗಲುವಂತೆ ಮಾಡಿದಾಗ, ಮತ್ತೆ ಮಾದಕವಸ್ತುವಿನ ಕಡೆಗೆ ತಿರುಗಿದವು.

ಈ ಕೊನೆಯ ಸಾಲಲ್ಲಿ ಎಲ್ಲ ಇದೆ. ಜೊತೆ ಅನ್ನೋದು ಇದ್ದರೆ ಸಾಲದು, ಬೇಗ ಸಿಗಬೇಕು, ಸಿಗುವಾಗ ನೋಯಿಸಬಾರದು. ಪೆಟ್ಟಿ ಅಂಗಡಿಯಲ್ಲಿ ಎಣ್ಣೆಯ ಟೆಟ್ರಾ ಪ್ಯಾಕ್ ಎರಡು ನಿಮಿಷಕ್ಕೆ ಸಿಗುತ್ತದೆ, ಯಾರೂ ಏನೂ ಕೇಳುವುದಿಲ್ಲ. ಮನೆಯವರ ಹತ್ತಿರ ಕೂತರೆ ಮೊದಲು ಹಳೇ ಲೆಕ್ಕ ಬಿಚ್ಚುತ್ತಾರೆ: ಒಡವೆ ಅಡ ಇಟ್ಟದ್ದು, ತಂಗಿ ಮದುವೆಯಲ್ಲಿ ಬಿದ್ದು ಮರ್ಯಾದೆ ತೆಗೆದದ್ದು. ಅವರು ಕೇಳೋದು ತಪ್ಪಲ್ಲ. ಅನುಭವಿಸಿದವರು ಅವರೇ. ಆದರೂ ಪ್ರತಿ ಸಂಜೆ ಬಾಗಿಲು ತೆರೆದಾಗ ಶಾಕ್ ಹೊಡೆದರೆ ಇಲಿ ಯಾವ ಕಡೆ ಹೋಗುತ್ತದೆ ಅಂತ ಗೊತ್ತೇ ಇದೆಯಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಒಂಟಿತನ ಒಂದರಿಂದಲೇ ಯಾರೂ ವ್ಯಸನಿಯಾಗುವುದಿಲ್ಲ. ಅವಳಿಗಳ ಮೇಲೆ ಮಾಡಿದ ಅಧ್ಯಯನಗಳ ಪ್ರಕಾರ ಕುಡಿತ ಚಟವಾಗುವ ಅಪಾಯದಲ್ಲಿ ಸುಮಾರು ಅರ್ಧ ಪಾಲು ರಕ್ತದಿಂದಲೇ ಬಂದದ್ದು. ಖಿನ್ನತೆ ಇರಬಹುದು, ಚಿಕ್ಕಂದಿನ ಪೆಟ್ಟುಗಳಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ಮಾಲು ಇರಬೇಕು. ಹಾಗಂತ ಜೊತೆಗೂ ಅಮಲಿಗೂ ಮೆದುಳಿನೊಳಗೆ ನೆಂಟಸ್ತಿಕೆ ಇಲ್ಲ ಅನ್ನುವ ಹಾಗಿಲ್ಲ. 1978ರಲ್ಲೇ ಯಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ ತಾಯಿಯಿಂದ ಬೇರೆಯಾಗಿ ಅಳುವ ನಾಯಿಮರಿಗಳಿಗೆ ತೀರಾ ಸ್ವಲ್ಪ ಮಾರ್ಫಿನ್ ಕೊಟ್ಟರೆ ಅಳು ತಗ್ಗುವುದನ್ನು ತೋರಿಸಿದ್ದ. ಜೊತೆ ಕೊಡುವ ಸಮಾಧಾನ ಮತ್ತು ಅಫೀಮು ಕೊಡುವ ಸಮಾಧಾನ ತಲೆಯೊಳಗೆ ಒಂದೇ ದಾರಿಯಲ್ಲಿ ಓಡಾಡುತ್ತವೆ ಅನ್ನೋದು ಅವನ ವಾದ.

ನಾಲ್ಕು ಜನರ ನಡುವೆ ಶುರು

ನಮ್ಮ ಕಡೆ ಮೊದಲ ಗುಟುಕು ಯಾರೂ ಒಬ್ಬರೇ ಕುಡಿಯುವುದಿಲ್ಲ. ಹಬ್ಬದ ಬಾಡೂಟ, ಎಲೆಕ್ಷನ್, ಗೆಳೆಯ ಹೊಸ ಬೈಕ್ ತಗೊಂಡ ಪಾರ್ಟಿ. 'ಅಣ್ಣನಿಗೋಸ್ಕರ ಒಂದೇ ಒಂದು' ಅಂತ ಕೈಗೆ ಲೋಟ ಕೊಡುತ್ತಾರೆ. ಬೇಡ ಅನ್ನೋದು ಎಣ್ಣೆಗಲ್ಲ, ಆ ಅಣ್ಣನಿಗೆ ಬೇಡ ಅಂದ ಹಾಗೆ. ಮೂರ್ನಾಲ್ಕು ವರ್ಷಕ್ಕೆ ಬಾರಿನ ಒಂದು ಟೇಬಲ್ ಕಾಯಂ ಆಗುತ್ತದೆ. ಆಮೇಲೆ ಸಾಲ. ಸಾಲ ಕೊಟ್ಟವನು ಬೇರೆ ಟೇಬಲ್ಲಿಗೆ ಹೋಗುತ್ತಾನೆ. ಮಾತಿಗೆ ಮಾತು ಬೆಳೆದು ಇನ್ನೊಬ್ಬ ದೂರವಾಗುತ್ತಾನೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗಲು ಶುರುವಾದ ಮೇಲೆ ಜೊತೆಗಾರರಿಗೆ ಕಾಯುವ ವ್ಯವಧಾನ ಇರುವುದಿಲ್ಲ. ಪ್ಯಾಕೆಟ್ಟು ಜೇಬಲ್ಲಿ ಹಿಡಿಯುತ್ತದೆ, ಪಂಪ್‌ಸೆಟ್ ಮನೆ ಹಿಂದೆ ನಿಂತು ಒಂದೇ ಉಸಿರಿಗೆ ಇಳಿಸಿದರೆ ಆಯಿತು. ನಾಲ್ಕು ಜನರ ನಡುವೆ ಶುರುವಾದದ್ದು ಕಬ್ಬಿನ ಗದ್ದೆಯ ಮರೆಗೆ ಬಂದು ನಿಲ್ಲುತ್ತದೆ. ಒಂಟಿತನ ಇಲ್ಲಿ ಕಾರಣವೂ ಹೌದು, ಪರಿಣಾಮವೂ ಹೌದು. ಗಾಣದ ಎತ್ತಿನ ಹಾಗೆ ಸುತ್ತುತ್ತದೆ.

ಈ ಹಂತದಲ್ಲಿ ಬಿಡಬೇಕು ಅಂತ ತೀರ್ಮಾನಿಸಿದವನ ಮುಂದೆ ಏನಿದೆ? ಹಳೇ ಗೆಳೆಯರ ಜೊತೆ ಹೋದರೆ ಲೋಟ ಕೈಗೆ ಬರುತ್ತದೆ. ಹೋಗದಿದ್ದರೆ 'ದೊಡ್ಡ ಮನುಷ್ಯ ಆಗ್ಬುಟ್ಟ' ಅಂತ ಅಣಕ. ಮರ್ಯಾದಸ್ಥರು ಇನ್ನೂ ಇವನನ್ನು ಕುಡುಕ ಅಂತಲೇ ನೋಡುತ್ತಾರೆ, ಪಕ್ಕ ಕೂರಿಸುವುದಿಲ್ಲ. ಹಳೇ ಗುಂಪು ಹೋಯಿತು, ಹೊಸದು ಸಿಗಲಿಲ್ಲ. ನಮ್ಮೂರ ಹೆಂಗಸರಿಗೆ ವಾರಕ್ಕೊಂದು ದಿನ ಸಂಘ ಇದೆ. ಉಳಿತಾಯದ ಪುಸ್ತಕ ಹಿಡಿದುಕೊಂಡು ಹೋಗಿ ಕೂತು ಮಾತಾಡಿ ಬರುತ್ತಾರೆ. ಗಂಡಸರಿಗೆ ಅಂಥದ್ದು ಯಾವುದಿದೆ? ಅರಳಿಕಟ್ಟೆ ಇತ್ತು, ಈಗ ಅಲ್ಲಿ ಕೂತವರೂ ಮೊಬೈಲ್ ನೋಡುತ್ತಿರುತ್ತಾರೆ. ಬಾರಿನಷ್ಟು ಹೊತ್ತು ಬಾಗಿಲು ತೆರೆದಿರುವ, ಜಾತಿ ಕೇಳದ, ಹೊಸಬನನ್ನೂ ಕೂರಿಸಿಕೊಳ್ಳುವ ಇನ್ನೊಂದು ಜಾಗವನ್ನು ನಾವು ಕಟ್ಟಲಿಲ್ಲ.

ಸರ್ಕಾರಕ್ಕಂತೂ ಆ ಬಾಗಿಲು ತೆರೆದೇ ಇರಬೇಕು. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ಬರಲಿ ಅಂತ ಇಟ್ಟಿದ್ದ ಗುರಿ 40,000 ಕೋಟಿ ರೂಪಾಯಿ.

ಕೂಡಿಹಾಕುವ ಚಿಕಿತ್ಸೆ

ಈಗ ನಮ್ಮಣ್ಣನ ಮೂರು ತಿಂಗಳ ಬಗ್ಗೆ. ಕೇಂದ್ರದ ಹೆಸರು ಬೇಡ. ರಾತ್ರಿ ಹತ್ತೂವರೆಗೆ ಗಾಡಿ ಬಂತು, ನಾಲ್ಕು ಹುಡುಗರು ಇಳಿದು ಅವನನ್ನು ಎತ್ತಿಹಾಕಿಕೊಂಡು ಹೋದರು. ಹಾಗೆ ಮಾಡಿ ಅಂತ ಸಹಿ ಹಾಕಿದ್ದು ನಾವೇ. ಮೊದಲ ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ. ಎದುರು ಮಾತಾಡಿದರೆ ಒಂದು ಕೋಣೆಯಲ್ಲಿ ಒಬ್ಬನನ್ನೇ ಹಾಕುತ್ತಿದ್ದರಂತೆ. ಹೊರಬರುವಾಗ ಒಂದು ಕಾಗದ ಕೊಟ್ಟರು. ಆಮೇಲೆ ಒಂದು ಫೋನ್ ಕೂಡ ಬರಲಿಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳೂ ಸೇರಿವೆ. ಅದೇ ಕಾಯ್ದೆಯ 97ನೇ ಕಲಮು ಮಾನಸಿಕ ಕಾಯಿಲೆ ಇರುವವರನ್ನು ಒಂಟಿಯಾಗಿ ಕೂಡಿಹಾಕಬಾರದು ಅನ್ನುತ್ತದೆ. ಒಂಟಿತನದಿಂದ ಬಂದವನಿಗೆ ಮದ್ದಾಗಿ ಇನ್ನಷ್ಟು ಒಂಟಿತನ ಕೊಡಬೇಡಿ ಅನ್ನುವುದಕ್ಕೆ ಕಾನೂನೇ ಬರಬೇಕಾಯಿತು ನೋಡಿ.

ಮನೆಯಲ್ಲಿ ಕೂಡಿಹಾಕುವವರೂ ಇದ್ದಾರೆ. ಅದು ಇನ್ನೂ ಅಪಾಯ. ವರ್ಷಗಟ್ಟಲೆ ಜೋರಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಮೈ ಬೆವೆತು ನಡುಗಿ, ಮೈಮೇಲೆ ಹುಳ ಹರಿದಂತೆ ಕಂಡು, ಇಲ್ಲದವರ ಜೊತೆ ಮಾತು ಶುರುವಾಗುತ್ತದೆ. ಗಾಳಿ ಸೋಕಿದೆ ಅಂತ ನಮ್ಮವರು ತಾಯತದ ಹಿಂದೆ ಓಡುತ್ತಾರೆ. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿದ್ದಾಗ ಎಣ್ಣೆ ಸಿಗದೆ ಒದ್ದಾಡಿ ಪ್ರಾಣ ಕಳೆದುಕೊಂಡವರ ಸುದ್ದಿ ರಾಜ್ಯದ ಬೇರೆ ಬೇರೆ ಕಡೆಯಿಂದ ಬಂದಿದ್ದವು. ಹಾಗಾಗಿ ಜೋರಾಗಿ ಕುಡಿಯುವವನು ಬಿಡುತ್ತೇನೆ ಅಂದರೆ ಮೊದಲ ವಾರ ವೈದ್ಯರ ಕಣ್ಣಳತೆಯಲ್ಲೇ ಇರಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ಎಲ್ಲಿಗೆ ಹೋಗೋದು ಅಂತಲೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು.

ಇನ್ನು 'ಕುಡುಕರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ' ಅಂತ ಗೋಡೆ ಮೇಲೆ ಅಂಟಿಸಿದ ಚೀಟಿಗಳು. ಸಾರಿನಲ್ಲಿ ಬೆರೆಸುವ ಪುಡಿ. ಅದರಲ್ಲಿ ಏನಿದೆ ಅಂತ ಹೇಳುವವರಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆಯನ್ನೂ ಹೀಗೆ ಕದ್ದು ಹಾಕುವವರಿದ್ದಾರೆ. ಅದರ ಮೇಲೆ ಕುಡಿದರೆ ವಾಂತಿ, ಎದೆಬಡಿತ, ಕೆಲವೊಮ್ಮೆ ಪ್ರಾಣಕ್ಕೇ ಕುತ್ತು. ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿ ಕೊಡಬೇಕಾದ ಔಷಧಿ ಅದು. ನನಗೆ ಅದಕ್ಕಿಂತ ಬೇಸರದ ವಿಷಯ ಇನ್ನೊಂದು. ಗೊತ್ತಾದ ದಿನ ಅವನು ಮನೆಯ ಊಟವನ್ನೂ ನಂಬುವುದಿಲ್ಲ. ಉಳಿದಿದ್ದ ಒಂದು ತಟ್ಟೆಯ ಸಂಬಂಧವೂ ಹೋಯಿತು.

ಹೆಸರು ಹೇಳದ ಸಭೆ, ಊರಿಗೇ ಗೊತ್ತಾಗುವ ಶಿಬಿರ

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತ ಬಿಡಲು ಒದ್ದಾಡುತ್ತಿದ್ದ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಮಾತಾಡಿಕೊಂಡರು. ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಸರ್ಜನ್. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ. ಮೈಸೂರಿನಲ್ಲೂ ಅದರ ಸಭೆಗಳು ನಡೆಯುತ್ತವೆ. ಫೀಸಿಲ್ಲ, ಡಾಕ್ಟರಿಲ್ಲ. ಕುರ್ಚಿಗಳು, ಚಹಾ, 'ನಾನೂ ಒಬ್ಬ ಕುಡುಕ' ಅಂತ ಹೇಳಿಕೊಳ್ಳುವ ಧೈರ್ಯ. ದೇವರು, ಪ್ರಾರ್ಥನೆ ಅಂತ ಮಾತಾಡುವ ಇದನ್ನು ವಿಜ್ಞಾನಿಗಳು ಬಹಳ ಕಾಲ ಹಗುರವಾಗಿ ನೋಡಿದ್ದರು. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಈ ಸಭೆಗಳಿಗೆ ಜನರನ್ನು ಸೇರಿಸುವ ಕ್ರಮಬದ್ಧ ಚಿಕಿತ್ಸೆ, ಬೇರೆ ಹೆಸರಾಂತ ಮನೋಚಿಕಿತ್ಸೆಗಳಿಗಿಂತ ಚೆನ್ನಾಗಿಯೇ ಕೆಲಸ ಮಾಡುತ್ತದೆ ಅಂತ ಕಂಡುಬಂತು.

ಆದರೆ ಇದರ ಹೆಸರಿನಲ್ಲೇ ಇರುವ 'ಅನಾಮಿಕ' ಅನ್ನೋದು ಪೇಟೆಯ ಸೌಕರ್ಯ. ಮೈಸೂರಿನಲ್ಲಿ ಕುವೆಂಪುನಗರದವನು ಬನ್ನಿಮಂಟಪದ ಕಡೆಯ ಸಭೆಗೆ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮೂರಲ್ಲಿ? ಹೊಸ ಶರ್ಟ್ ಹಾಕಿಕೊಂಡು ಬಸ್ ಹತ್ತಿದರೆ ಸಾಕು, ಯಾರ ಮನೆ ಹೆಣ್ಣು ನೋಡಲು ಹೊರಟ ಅಂತ ಸಂಜೆಯೊಳಗೆ ಚರ್ಚೆಯಾಗಿರುತ್ತದೆ.

ಇದಕ್ಕೆ ಪೂರ್ತಿ ತಿರುವುಮುರುವಾದ ದಾರಿ ಹಿಡಿದದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳು. ಮಂಡ್ಯ, ಮೈಸೂರು ಜಿಲ್ಲೆಗಳಲ್ಲೂ ಇವು ನಡೆದಿವೆ. ಸಮುದಾಯ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಎಂಟು ದಿನ. ಅಲ್ಲಿ ಮುಚ್ಚುಮರೆ ಇಲ್ಲ. ಊರಿಗೇ ಗೊತ್ತು. ಮನೆಯವರನ್ನೂ ಕರೆಸುತ್ತಾರೆ. ಎಂಟು ದಿನದಲ್ಲಿ ಕಾಯಿಲೆ ವಾಸಿ ಅಂತ ನಾನು ನಂಬುವುದಿಲ್ಲ. ಭಜನೆ, ಪ್ರತಿಜ್ಞೆ ಎಲ್ಲರಿಗೂ ಒಗ್ಗುವುದೂ ಇಲ್ಲ. ನನಗೆ ಮುಖ್ಯ ಅನಿಸಿದ್ದು ಬೇರೆ ಎರಡು ವಿಷಯ. ಒಂದು, ಅವನು ಬಿಟ್ಟದ್ದು ತನ್ನ ಊರ ಸೀಮೆಯಲ್ಲೇ, ತನ್ನ ತಾಲ್ಲೂಕಿನವರ ಜೊತೆ. ಇನ್ನೊಂದು, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಬಿಟ್ಟವರದ್ದೇ ಒಂದು ಗುಂಪು ಮಾಡುತ್ತಾರೆ. 'ನಾನು ಬಿಟ್ಟಿದ್ದೀನಿ' ಅನ್ನೋದು ಊರಿಗೆಲ್ಲ ಗೊತ್ತಿದ್ದರೆ ಬಾಡೂಟದಲ್ಲಿ ಲೋಟ ಕೊಡುವವನ ಕೈ ಕ್ಷಣಕಾಲ ತಡೆಯುತ್ತದೆ. ಆ ಒಂದು ಕ್ಷಣ ಸಣ್ಣದಲ್ಲ.

ಮೈಸೂರಿನವನಿಗೆ ಮುಖ ಮುಚ್ಚಿಕೊಳ್ಳುವ ಜಾಗ ಬೇಕು, ನಮ್ಮೂರಿನವನಿಗೆ ಮುಖ ತೋರಿಸುವ ಧೈರ್ಯ ಬೇಕು. ಎರಡೂ ಮಾಡೋದು ಒಂದೇ ಕೆಲಸ: ಕದ್ದುಮುಚ್ಚಿ ಒಬ್ಬನೇ ಹೊತ್ತುಕೊಂಡಿದ್ದನ್ನು ಇನ್ನೊಬ್ಬರ ಮುಂದೆ ಇಳಿಸುವುದು.

ದೊಡ್ಡ ಡಾಕ್ಟರೇ ಬೇಕು ಅಂತಲೂ ಇಲ್ಲ. ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಪರೀತ ಕುಡಿಯುವ 377 ಗಂಡಸರ ಮೇಲೆ ಒಂದು ಪ್ರಯೋಗ ನಡೆದು, 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ತರಬೇತಿ ಪಡೆದ ಸಾಮಾನ್ಯ ಜನ, ಅಂದರೆ ವೈದ್ಯರಲ್ಲದವರು, ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದರು. ಮೂರು ತಿಂಗಳಿಗೆ ಆ ಗುಂಪಿನಲ್ಲಿ ನೂರಕ್ಕೆ 36 ಜನರ ಕುಡಿತ ಅಪಾಯದ ಮಟ್ಟದಿಂದ ಇಳಿದಿತ್ತು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ 26. ಪವಾಡವೇನಲ್ಲ. ಆದರೆ ಮನೋವೈದ್ಯರೇ ಇಲ್ಲದ ಹೋಬಳಿಯಲ್ಲಿ ಅಂಥ ಒಬ್ಬರಿದ್ದರೆ ಎಷ್ಟು ವ್ಯತ್ಯಾಸ ಅಂತ ಯೋಚಿಸಿ.

ಇಷ್ಟೊತ್ತು ಗಂಡಸರ ಬಗ್ಗೆಯೇ ಹೇಳಿದೆ. ಏಮ್ಸ್ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರು ನೂರಕ್ಕೆ 27.3, ಹೆಂಗಸರು 1.6. ಆ ಹೆಂಗಸರಿಗೆ ಬಾರಿನ ಟೇಬಲ್ಲೂ ಇಲ್ಲ, ಶಿಬಿರದ ಚಾಪೆಯೂ ಇಲ್ಲ. ಮೊದಲ ದಿನದಿಂದಲೇ ಬಾಗಿಲು ಹಾಕಿಕೊಂಡು. ಇನ್ನು ಕುಡಿಯುವವನ ಹೆಂಡತಿ. ನಮ್ಮತ್ತಿಗೆ ಆರು ವರ್ಷ ಯಾವ ನಾಮಕರಣಕ್ಕೂ ಬರಲಿಲ್ಲ. 'ಹುಷಾರಿಲ್ಲ' ಅಂತ ಹೇಳಿ ಕಳಿಸುತ್ತಿದ್ದರು. ಒಂಟಿಯಾಗಿದ್ದು ಅವರು. ನಾವು ಮಾತಾಡುತ್ತಿದ್ದುದು ಅವನ ಬಗ್ಗೆ.

ಮೈಸೂರಿನ ಪಿಜಿ ರೂಮುಗಳ ಕತೆ ಬೇರೆಯೇ ಒಂದು ಲೇಖನ ಬೇಡುತ್ತದೆ. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಬಂದು ಇಲ್ಲಿನ ರಿಂಗ್ ರಸ್ತೆ ಬಳಿ ಮೆಫೆಡ್ರೋನ್ ಅನ್ನುವ ಮಾದಕವಸ್ತು ತಯಾರಿಸುವ ಘಟಕ ಪತ್ತೆ ಮಾಡಿದಾಗ ಊರು ಬೆಚ್ಚಿತು. ಅದೇ ವರ್ಷ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರ ಕಾಯ್ದೆ ತಂದಿತು. ಮೊಬೈಲಿನ ಜೂಜಿಗೆ ಗುಂಪಿನ ಹಂತವೇ ಇಲ್ಲ. ಹೊದಿಕೆಯೊಳಗೆ ಶುರುವಾಗಿ ಅಲ್ಲೇ ಮುಗಿಯುತ್ತದೆ. ಬಾಯಿ ವಾಸನೆ ಬರುವುದಿಲ್ಲ, ನಡಿಗೆ ತೂರಾಡುವುದಿಲ್ಲ. ಹೀಗಾಗಿ ಮನೆಯವರಿಗೆ ಗೊತ್ತಾಗುವ ಹೊತ್ತಿಗೆ ಸಾಲ ಲಕ್ಷ ದಾಟಿರುತ್ತದೆ.

ನಮ್ಮಣ್ಣ ಎರಡನೇ ಸಲ ಬಿಟ್ಟದ್ದು ಹೇಗೆ ಅಂತ ಕೇಳುತ್ತೀರೇನೋ. ಈ ಸಲ ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ದಿನ, ಆಮೇಲೆ ಮಾತ್ರೆ. ಅಷ್ಟಾದ ಮೇಲೆ ಅತ್ತಿಗೆ ಸಂಘದಲ್ಲಿ ಸಾಲ ತೆಗೆದು ಎರಡು ಸೀಮೆಹಸು ತಂದರು. ಅವರು ಒಂಟಿತನದ ಬಗ್ಗೆ ಏನೂ ಓದಿದವರಲ್ಲ. ಹಾಲಿನ ದುಡ್ಡು ಬರುತ್ತೆ ಅಂತ ತಂದದ್ದು. ಆದರೆ ಹಸುವಿಗೆ ಒಂದು ಗುಣವಿದೆ. ಸಂಜೆ ಐದಕ್ಕೆ ಹಾಲು ಕರೆಯಲೇಬೇಕು, ಆರಕ್ಕೆ ಡೈರಿಗೆ ಹಾಕಲೇಬೇಕು. ಡೈರಿ ಮುಂದೆ ಆ ಹೊತ್ತಿಗೆ ಮೂವತ್ತು ನಲವತ್ತು ಜನ ಕ್ಯಾನು ಹಿಡಿದು ನಿಂತಿರುತ್ತಾರೆ. ಫ್ಯಾಟ್ ಎಷ್ಟು ಬಂತು, ಬೂಸಾ ರೇಟು ಎಷ್ಟಾಯಿತು, ನಾಲೆಗೆ ನೀರು ಯಾವಾಗ ಬಿಡುತ್ತಾರೆ. ಕುಡಿದು ಬಂದರೆ ಸಾಲಲ್ಲಿ ನಿಂತ ಹೆಂಗಸರು ಮೂಗು ಮುಚ್ಚುತ್ತಾರೆ, ಅಷ್ಟೇ. ಯಾರೂ ಉಪದೇಶ ಮಾಡುವುದಿಲ್ಲ.

ನಡುವೆ ಒಮ್ಮೆ ಮಾರಿಹಬ್ಬದಲ್ಲಿ ಜಾರಿದ. ಮೂರು ದಿನ ಡೈರಿ ಕಡೆ ಬರಲಿಲ್ಲ. ನಾಲ್ಕನೇ ದಿನ ಹಾಲು ಅಳೆಯುವ ಹುಡುಗ ಮನೆ ಹತ್ತಿರ ಬಂದು, "ಯಾಕಣ್ಣ, ಮೂರು ದಿನದಿಂದ ಅಕ್ಕಾರೇ ಕ್ಯಾನ್ ಹೊತ್ಕಂಡು ಬತ್ತಾವ್ರೆ? ನಿನ್ ಪುಸ್ತಕ ನನ್ ಹತ್ರಾನೇ ಅದೆ, ಬಂದು ಈಸ್ಕೊ" ಅಂದನಂತೆ. ಅಣ್ಣ ಆ ಸಂಜೆ ಹೋಗಿ ಪುಸ್ತಕ ಇಸಿದುಕೊಂಡು ಬಂದ.

ಮೊನ್ನೆ ಸಂಜೆ ಆರೂಕಾಲಿಗೆ ಫೋನ್ ಮಾಡಿದೆ. ಹಿಂದೆ ಕ್ಯಾನುಗಳ ಸದ್ದು ಕೇಳುತ್ತಿತ್ತು. "ಲೇ, ಕ್ಯೂನಲ್ಲಿದೀನಿ ಕಣ್ಲಾ, ಆಮೇಲೆ ಮಾಡು" ಅಂತ ಇಟ್ಟುಬಿಟ್ಟ.